ಸಂಜೆ ನಾಲ್ಕರ ಮೀಟಿಂಗು

ತಮ್ಮಾ,

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಜರ್ಮನಿಗೆ ಬಂದು ಎರಡು ತಿಂಗಳು, ಆಗಲೇ ಏಳು ಜನರ ಟೀಮು ಕೈಗೆ ಬಂದಿದೆ, ನಾಲ್ವರು ಇಲ್ಲಿ, ಮೂವರು ಭಾರತದಲ್ಲಿ ಅಂದೆ. ಇಲ್ಲಿಯವರಿಗೆ ಕೆಲಸ ಹೇಗೆ ಹೇಳಬೇಕು, ಕಟ್ಟುನಿಟ್ಟಾಗಿ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರಾ, ಸಂಜೆ ಫೋನ್ ಮಾಡಬಹುದಾ ಅಂತ ಕೇಳಿದ್ದೀಯ. ಜೊತೆಗೆ ಮನೆ ಮತ್ತು ಭಾಷೆ.

ಭಾಷೆ ಕಲಿ, ಇವತ್ತೇ ಶುರು ಮಾಡು. ಸಂಜೆ ಫೋನ್ ಮಾಡಬೇಡ. ಇವೆರಡಕ್ಕೆ ಇಷ್ಟೇ ಉತ್ತರ.

ನಾನು ಬಂದು ಹದಿನಾಲ್ಕು ವರ್ಷ ಆಯಿತು. ಮೊದಲ ವಾರ ಟೀಮಿನ ಒಬ್ಬರಿಗೆ "ಇದನ್ನು ಸ್ವಲ್ಪ ಬೇಗ ನೋಡಿ" ಅಂತ ಮೇಲ್ ಹಾಕಿದೆ. ನಮ್ಮ ಕಡೆ ಅದರ ಅರ್ಥ ಎಲ್ಲರಿಗೂ ಗೊತ್ತು, ಕೈಲಿರುವುದನ್ನು ಬಿಟ್ಟು ಇದನ್ನು ಹಿಡಿ ಅಂತ. ಅವರು ಪೆನ್ನು ಹಿಡಿದು ನನ್ನ ಟೇಬಲ್ ಹತ್ತಿರ ಬಂದು ನಿಂತರು. ಯಾವ ದಿನ ಬೇಕು? ಎಲ್ಲಿಯವರೆಗೆ ಮಾಡಿದರೆ ಮುಗಿದ ಹಾಗೆ? ಮಧ್ಯೆ ಅನುಮಾನ ಬಂದರೆ ತೀರ್ಮಾನ ನನ್ನದಾ, ನಿಮ್ಮದಾ? ಇದನ್ನು ಹಿಡಿದರೆ ಯಾವುದನ್ನು ಬಿಡಲಿ? ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದಾರೆ ಅಂದುಕೊಂಡೆ. ಹೇಗೋ ಉತ್ತರ ಕೊಟ್ಟು, ಗುರುವಾರ ಬೇಕು ಅಂದೆ. ಗುರುವಾರ ಮಧ್ಯಾಹ್ನ ಕೆಲಸ ಬಂತು, ಒಂದು ತಪ್ಪಿಲ್ಲದೆ.

ಅವತ್ತಿನಿಂದ ಯಾರಿಗೆ ಏನು ಕೊಟ್ಟರೂ ಆ ನಾಲ್ಕು ಪ್ರಶ್ನೆಗಳಿಗೂ ಮೊದಲೇ ಉತ್ತರ ಬರೆದು ಕೊಡುತ್ತೇನೆ. ನಾಲ್ಕನೆಯದನ್ನು ಮಾತ್ರ ಮರೆಯಬೇಡ. ಯಾವುದನ್ನು ಬಿಡಬೇಕು ಅಂತ ನೀನು ಹೇಳದಿದ್ದರೆ ಅವರೇ ಏನೋ ಒಂದನ್ನು ಬಿಡುತ್ತಾರೆ. ಅದು ನಿನಗೆ ತೀರಾ ಬೇಕಾಗಿದ್ದೇ ಆಗಿರುತ್ತದೆ.

ಹೊತ್ತಿನ ಗೆರೆಯನ್ನು ಇಲ್ಲಿ ಕಾನೂನೇ ಎಳೆದಿದೆ. 1994ರ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ. 10ರವರೆಗೆ ಹೋಗಬಹುದು, ಆದರೆ ಆರು ತಿಂಗಳ ಸರಾಸರಿ 8 ದಾಟಬಾರದು. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆ ಬಿಡುವು ಬೇಕು. ರಾತ್ರಿ 10ರವರೆಗೆ ಕೂರಿಸಿದರೆ ಬೆಳಗ್ಗೆ 9ರ ಮುಂಚೆ ಕರೆಯುವ ಹಾಗಿಲ್ಲ. ಕಾಯಿಲೆ ರಜೆ ಹಾಕಿದವರನ್ನು ಏನಾಗಿದೆ ಅಂತ ವಿಚಾರಿಸಬೇಡ, ಕಾಳಜಿಯಿಂದ ಕೇಳಿದರೂ ಅದು ಇಲ್ಲಿ ಜಾಸ್ತಿಯಾಯಿತು. ಕೆಲಸ ಮುಗಿದ ಮೇಲಿನ ಸಂಜೆಗೆ ಫೈಯರ್‌ಆಬೆಂಡ್ ಅಂತ ಇವರಲ್ಲಿ ಒಂದು ಪದವೇ ಇದೆ. ಆ ಸಂಜೆಯನ್ನು ನಾನು ಯಾರಿಂದಲೂ ಕಿತ್ತುಕೊಂಡಿಲ್ಲ ಅಂತ ತುಂಬಾ ವರ್ಷ ಹೆಮ್ಮೆಪಟ್ಟಿದ್ದೆ.

ನನಗೂ ಭಾರತದಲ್ಲಿ ಅರ್ಧ ಟೀಮಿತ್ತು. ಬೇಸಿಗೆಯಲ್ಲಿ ಎರಡು ಕಡೆಗೂ ಮೂರೂವರೆ ಗಂಟೆ ವ್ಯತ್ಯಾಸ. ಸಂಜೆ ನಾಲ್ಕಕ್ಕೆ ಮೀಟಿಂಗ್ ಇಟ್ಟೆ, ಅವರಿಗೆ ಏಳೂವರೆ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ನನಗೆ ನಾಲ್ಕೇ, ಅವರಿಗೆ ಎಂಟೂವರೆ. ಯಾರೂ ಏನೂ ಅನ್ನಲಿಲ್ಲ. ನನಗೂ ಹೊಳೆಯಲಿಲ್ಲ. ಅಲ್ಲಿಯ ಒಬ್ಬ ಹುಡುಗ ಯಾವಾಗಲೂ ಮ್ಯೂಟ್‌ನಲ್ಲೇ ಇರುತ್ತಿದ್ದ. ಕೇಳಿದಾಗ ಮೈಕ್ ಆನ್ ಮಾಡಿ, ಎರಡು ಮಾತು ಹೇಳಿ, ತಕ್ಷಣ ಆಫ್. ಆಸಕ್ತಿ ಇಲ್ಲ ಅಂದುಕೊಂಡೆ. ಫೆಬ್ರವರಿಯಲ್ಲಿ ಒಂದು ದಿನ ಆಫ್ ಮಾಡಲು ಮರೆತ. "ಅಪ್ಪಾ, ಮುಗೀತಾ? ನಿದ್ದೆ ಬರ್ತಿದೆ" ಅಂತ ಪುಟ್ಟ ಮಗುವಿನ ದನಿ. ಅವನು "ಸಾರಿ ಮೇಡಂ" ಅಂದ. ನಾನು ಪರವಾಗಿಲ್ಲ ಅಂದು ಮುಂದಿನ ಸ್ಲೈಡಿಗೆ ಹೋದೆ.

ಏಪ್ರಿಲ್‌ನಲ್ಲಿ ಅವನು ಕೆಲಸ ಬಿಟ್ಟ. ಹೊತ್ತಿನ ತೊಂದರೆ ಇದ್ದರೆ ಒಂದು ಮಾತು ಹೇಳಬಹುದಿತ್ತಲ್ಲ ಅಂತ ಕೊನೆಯ ದಿನ ಕೇಳಿದೆ. "ನೀವೇ ಇಟ್ಟ ಟೈಮ್ ಅಲ್ವಾ ಮೇಡಂ" ಅಂದ.

ಅವನು ಯಾಕೆ ಬಾಯಿ ಬಿಡಲಿಲ್ಲ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನೀನೂ ಅಲ್ಲೇ ಕೆಲಸ ಮಾಡಿ ಬಂದವನು. ನಾನೂ ಅಲ್ಲಿಂದಲೇ ಬಂದವಳು, ನನಗೆ ಗೊತ್ತಿರಬೇಕಿತ್ತು. ಇಲ್ಲಿಯವರು ಪೆನ್ನು ಹಿಡಿದು ಬಂದು ಕೇಳಿದರು, ಅವರ ಸಂಜೆ ಅವರಿಗೆ ಉಳಿಯಿತು. ನಮ್ಮವರು ಕೇಳಲಿಲ್ಲ, ಅವರ ಸಂಜೆಯನ್ನು ನಾನು ಸುಮ್ನೆ ತೆಗೆದುಕೊಂಡೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ.

ಹಾಗಾಗಿ ಈ ವಾರವೇ ಆ ಮೂವರಿಗೂ ಒಬ್ಬೊಬ್ಬರಿಗೇ ಫೋನ್ ಮಾಡು, ಅವರ ಕೆಲಸದ ಹೊತ್ತಿನಲ್ಲಿ. ಏನಾದರೂ ತೊಂದರೆ ಇದೆಯಾ ಅಂತ ಕೇಳಬೇಡ, ಇಲ್ಲ ಅಂತಲೇ ಹೇಳುತ್ತಾರೆ. ಎಷ್ಟು ಗಂಟೆಯ ಮೇಲೆ ನಾನು ಕರೆಯಬಾರದು ಅಂತ ಕೇಳು. ಹೇಳಿದ್ದನ್ನು ಇಡೀ ಟೀಮಿಗೆ ಕಾಣುವ ಹಾಗೆ ಬರೆದಿಡು. ತುರ್ತು ಅಂದರೆ ಏನು ಅಂತಲೂ ಬರೆ. ಗ್ರಾಹಕರ ಕೆಲಸ ನಿಂತಿದ್ದರೆ ತುರ್ತು, ನಾಳೆಯ ಸ್ಲೈಡು ತುರ್ತಲ್ಲ. ನಿಜವಾದ ತುರ್ತಿಗೆ ಸರದಿಯ ಮೇಲೆ ಒಬ್ಬರು ಇದ್ದರೆ ಸಾಕು. ರಾತ್ರಿ ನಿನಗೆ ಹೊಳೆದದ್ದನ್ನು ಬೆಳಗ್ಗೆ ಹೋಗುವ ಹಾಗೆ ಶೆಡ್ಯೂಲ್ ಮಾಡು. "ಈಗಲೇ ನೋಡಬೇಕಿಲ್ಲ" ಅಂತ ಬರೆದು ಕಳಿಸಿದರೂ ನಮ್ಮವರು ಆಗಲೇ ನೋಡುತ್ತಾರೆ.

ನನ್ನ ಮೀಟಿಂಗ್ ಈಗ ಬೆಳಗ್ಗೆ ಹತ್ತಕ್ಕೆ. ಅಲ್ಲಿ ಚಳಿಗಾಲದಲ್ಲೂ ಎರಡೂವರೆ. ಆ ಹುಡುಗನಿಗೆ ಕ್ಷಮಿಸು ಅಂತ ಬರೆಯಲು ಎಷ್ಟೋ ಸಲ ಕೂತಿದ್ದೇನೆ, ಕಳಿಸಿಲ್ಲ. ಆ ಮಗುವಿಗೆ ಈಗ ಹತ್ತು ವರ್ಷ ಆಗಿರಬೇಕು.

ಮನೆ ಹುಡುಕುವ ವಿಚಾರ ಭಾನುವಾರ ಬರೆಯುತ್ತೇನೆ.