ಹಳೇ ಬ್ಯಾಚು, ಹಳೇ ಶಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಎಪ್ಪತ್ತರ ದಶಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಬ್ಯಾಚುಗಳು ಐವತ್ತು ವರ್ಷದ ನೆಪದಲ್ಲಿ ಮತ್ತೆ ಸೇರುತ್ತಿವೆ. ಜೊತೆಗೆ ಅಟ್ಟದ ಮೇಲಿನ ಟ್ರಂಕುಗಳೂ ಕೆಳಗಿಳಿದಿವೆ. ಈ ಸಲ ಬಂದ ಪತ್ರಗಳಲ್ಲಿ ಆ ಟ್ರಂಕಿನ ವಾಸನೆ ಇರುವ ಐದನ್ನು ಆರಿಸಿದ್ದೇವೆ.

ಅಪ್ಪನ 1975ರ ಆಟೋಗ್ರಾಫ್ ಪುಸ್ತಕ ಸಿಕ್ಕಿದೆ. ಕೆಲವು ಪುಟದ ಬರಹ ನಿನ್ನೆ ಬರೆದಂತಿದೆ, ಕೆಲವು ಕಾಣಿಸುವುದೇ ಇಲ್ಲ. ಒಂದೇ ಪುಸ್ತಕದಲ್ಲಿ ಹೀಗೇಕೆ? ಓದುವ ದಾರಿ ಇದೆಯೇ?
ಓದುಗರು, ಶಿರಸಿ

ಪುಸ್ತಕ ಒಂದೇ ಆದರೂ ಪೆನ್ನು ಮೂವತ್ತು ಕೈಯವು. ಬೀಳ್ಕೊಡುಗೆಯ ದಿನ ಯಾರ ಜೇಬಿನಲ್ಲಿ ಯಾವ ಶಾಯಿ ಇತ್ತೋ ಅದರಲ್ಲೇ ಬರೆದಿದ್ದಾರೆ. ಆಗ ಹೆಚ್ಚು ಓಡುತ್ತಿದ್ದ ರಾಯಲ್ ಬ್ಲೂ ಬರೀ ಬಣ್ಣ ಕರಗಿಸಿದ ನೀರು. ಸಮವಸ್ತ್ರಕ್ಕೆ ಬಿದ್ದರೆ ಒಗೆದು ಹೋಗಲಿ ಎಂಬುದೇ ಅದರ ಗುಣ, ಅದೇ ಅದರ ದೋಷ. ಬೆಳಕು ತಾಗಿದರೆ ಬಿಳಚುತ್ತದೆ, ಹನಿ ಬಿದ್ದರೆ ಹರಡುತ್ತದೆ. ಕೆಂಪು ಶಾಯಿ ಇನ್ನೂ ಬೇಗ ಹೋಗುತ್ತದೆ. ಹಳೇ ಬಗೆಯ ಬ್ಲೂ-ಬ್ಲ್ಯಾಕ್‌ನಲ್ಲಿ ಮಾತ್ರ ಕಬ್ಬಿಣದ ಲವಣ ಇರುತ್ತಿತ್ತು. ನಮ್ಮಲ್ಲಿ ಅಳಲೆಕಾಯಿ, ಅನ್ನಭೇದಿ (ಇದೂ ಕಬ್ಬಿಣದ ಲವಣವೇ) ಹಾಕಿ ಕಾಸುತ್ತಿದ್ದ ಮಸಿಯ ಜಾತಿ ಅದು. ಗಾಳಿಗೆ ಕಪ್ಪಾಗಿ ಕಾಗದದ ನಾರಿಗೇ ಕಚ್ಚಿಕೊಳ್ಳುತ್ತದೆ, ದಶಕಗಳ ಮೇಲೆ ಕಂದುಬಣ್ಣಕ್ಕೆ ತಿರುಗಬಹುದು, ಆದರೆ ನೀರಿಗೆ ಜಗ್ಗುವುದಿಲ್ಲ. ನಿಮ್ಮ ಅಪ್ಪನ ಪುಸ್ತಕದಲ್ಲಿ ಮೇಷ್ಟ್ರುಗಳ ಸಹಿ ಉಳಿದು ಗೆಳೆಯರ ಪದ್ಯಗಳು ಮಾಸಿದ್ದರೆ ಕಾರಣ ಇದೇ ಇರಬಹುದು.

ಮಾಸಿದ ಪುಟವನ್ನು ಒದ್ದೆ ಮಾಡಬೇಡಿ, ಬಿಸಿಲಿಗೆ ಹಿಡಿಯಬೇಡಿ, ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 600 ಡಿಪಿಐಗೆ, ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ. ಕಪ್ಪುಬಿಳುಪಿನಲ್ಲಿ ಮಾಡಿಸಿದರೆ ಉಳಿದಿದ್ದ ಸುಳಿವೂ ಹೋಗುತ್ತದೆ. ಆಮೇಲೆ ಫೋಟೋ ತಿದ್ದುವ ತಂತ್ರಾಂಶದಲ್ಲಿ ಕೆಂಪು ಚಾನಲ್ (ಚಿತ್ರದ ಕೆಂಪು ಬೆಳಕಿನ ಪದರ) ಒಂದನ್ನೇ ತೆರೆದು ಕಾಂಟ್ರಾಸ್ಟ್ ಏರಿಸಿ. ನೀಲಿ ಶಾಯಿ ಕೆಂಪು ಬೆಳಕನ್ನು ಹೀರುವುದರಿಂದ ಅಲ್ಲಿ ಅಕ್ಷರ ಕಪ್ಪಾಗಿ ಎದ್ದು ಬರುತ್ತದೆ. ಗುಲಾಬಿ ಪುಟಗಳಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಪುಟ ಬೆಳ್ಳಗಾಗಿ ಬರಹ ಮಾತ್ರ ಉಳಿಯುತ್ತದೆ. ಹಸಿರು ಪುಟದಲ್ಲಿ ಹಿನ್ನೆಲೆಯೂ ಕಪ್ಪಾಗುವುದರಿಂದ ಅಷ್ಟು ಸಲೀಸಲ್ಲ.

ನಮ್ಮ ಹವ್ಯಾಸಿ ತಂಡದ ನಾಟಕದಲ್ಲಿ 1976ರ ಪ್ರಿಪರೇಟರಿ ಪರೀಕ್ಷೆಯ ದೃಶ್ಯವಿದೆ. ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆಯನ್ನು ಹೇಗೆ ತಯಾರಿಸುತ್ತಿದ್ದರು? ಈಗ ಅದೇ ನೋಟ ತರುವುದು ಹೇಗೆ?
ಓದುಗರು, ತಿಪಟೂರು

ಸೈಕ್ಲೋಸ್ಟೈಲ್ ಎಂದರೆ ಸ್ಟೆನ್ಸಿಲ್ ಕೊರೆದು ಅದರ ಮೂಲಕ ಶಾಯಿ ಇಳಿಸಿ ಪ್ರತಿ ತೆಗೆಯುವ ವಿಧಾನ. ಅದು ಬೇಕಾಗುವುದು ಪ್ರಿಪರೇಟರಿಗೆ ಮಾತ್ರ ಎಂಬುದು ನೆನಪಿರಲಿ. ಬೋರ್ಡ್ ಪರೀಕ್ಷೆಯ ಪತ್ರಿಕೆ ಅಚ್ಚಾಗಿ, ಮೊಹರು ಹಾಕಿದ ಲಕೋಟೆಯಲ್ಲಿ ಬರುತ್ತಿತ್ತು. ಮುಂದಿನ ದೃಶ್ಯ ಪಬ್ಲಿಕ್ ಪರೀಕ್ಷೆಯದ್ದಾದರೆ ಅಲ್ಲಿ ಇದೇ ಕಾಗದ ಹಂಚಬೇಡಿ.

ಕೆಲಸದ ಮೂಲ ಸ್ಟೆನ್ಸಿಲ್: ಮೇಣ ಸವರಿದ ತೆಳು ನಾರುಕಾಗದ, ಹಿಂದೆ ಒಂದು ದಪ್ಪ ಹಾಳೆ. ಇಂಗ್ಲಿಷ್ ಪತ್ರಿಕೆಯಾದರೆ ಟೈಪು ಮಾಡುತ್ತಿದ್ದರು. ರಿಬ್ಬನ್ನನ್ನು ತಪ್ಪಿಸಿಟ್ಟು ಬರೀ ಅಚ್ಚಿನ ಮೊಳೆ ಮೇಣಕ್ಕೆ ಹೊಡೆಯುವಂತೆ ಮಾಡಬೇಕು. ಮೊದಲು ಮೊಳೆಗಳನ್ನು ಬ್ರಷ್ಷಿನಿಂದ ತಿಕ್ಕಬೇಕು, ಇಲ್ಲವಾದರೆ ಸಂದಿನ ಕೊಳೆಯಿಂದ ಅಕ್ಷರದ ಹೊಟ್ಟೆ ತುಂಬಿಕೊಳ್ಳುತ್ತದೆ. ಕನ್ನಡ ಟೈಪ್‌ರೈಟರ್ ಇಲ್ಲದ ಸಣ್ಣ ಊರಿನ ಶಾಲೆಯಲ್ಲಿ ಕನ್ನಡ ಪತ್ರಿಕೆಗೆ ಕೈಬರಹವೇ ಗತಿ. ಸ್ಟೆನ್ಸಿಲ್ಲಿನ ಕೆಳಗೆ ತರಿತರಿ ತಗಡು ಇಟ್ಟು ಉಕ್ಕಿನ ಮೊನೆಯ ಕಡ್ಡಿಯಿಂದ ಬರೆಯುತ್ತಿದ್ದರು. ನಮ್ಮ ಲಿಪಿಯ ದುಂಡು ಇಲ್ಲಿ ತೊಂದರೆ ಕೊಡುತ್ತದೆ. ಸೊನ್ನೆ, ಠ, ರ ಇವುಗಳನ್ನು ಒತ್ತಿ ಬರೆದರೆ ನಡುವಿನ ಬಿಲ್ಲೆ ಕಿತ್ತು ಬೀಳುತ್ತದೆ, ಅಚ್ಚಿನಲ್ಲಿ ಅಲ್ಲೊಂದು ಕಪ್ಪು ಉಂಡೆ. ಹಗುರಾಗಿ ಬರೆದರೆ ಮೇಣ ಸರಿಯದೆ ಅಕ್ಷರವೇ ಮೂಡುವುದಿಲ್ಲ. ಹದವಾದ ಕೈ ಇದ್ದವರು ಶಾಲೆಗೊಬ್ಬರು ಇರುತ್ತಿದ್ದರು, ಸಾಮಾನ್ಯವಾಗಿ ಡ್ರಾಯಿಂಗ್ ಮೇಷ್ಟ್ರು.

ತಪ್ಪಾದರೆ ಅದರ ಮೇಲೆ ತಿದ್ದುವ ದ್ರವ ಸವರಬೇಕು, ಆದರೆ ಅದಕ್ಕೂ ಮೊದಲು ಸ್ಟೆನ್ಸಿಲ್ಲಿಗೂ ಹಿಂದಿನ ಹಾಳೆಗೂ ನಡುವೆ ಒಂದು ಬೆಂಕಿಕಡ್ಡಿ ತೂರಿಸಬೇಕು. ಇಲ್ಲದಿದ್ದರೆ ಎರಡೂ ಅಂಟಿಕೊಂಡು, ಬಿಡಿಸುವಾಗ ತೂತು. ಅರ್ಧ ನಿಮಿಷ ಒಣಗಲು ಬಿಟ್ಟು ಮೇಲೆ ಮತ್ತೆ ಬರೆಯಬಹುದು.

ಯಂತ್ರದ ಉರುಳೆಗೆ ಸ್ಟೆನ್ಸಿಲ್ಲನ್ನು ಬೋರಲಾಗಿ ಸಿಕ್ಕಿಸಿ, ಮೇಲೆ ಉಳಿದ ದಪ್ಪ ಹಾಳೆಯನ್ನು ಹರಿದು ತೆಗೆಯುತ್ತಾರೆ. ಆಗ ಬಿದ್ದ ಒಂದು ಸುಕ್ಕು ಎಲ್ಲ ಪ್ರತಿಯಲ್ಲೂ ಕಪ್ಪು ಗೆರೆಯಾಗಿ ಬರುತ್ತದೆ. ಹಿಡಿ ತಿರುಗಿಸಿದಂತೆ ಎಣ್ಣೆಶಾಯಿ ಸ್ಟೆನ್ಸಿಲ್ ದಾಟಿ ಕಾಗದಕ್ಕೆ ಇಳಿಯುತ್ತದೆ. ಮೊದಲ ಐದಾರು ಪ್ರತಿ ಮಸುಕು, ಅವು ಕಸಕ್ಕೆ. ಕಾಗದ ಒರಟಾಗಿ, ಹೀರುವಂತಿರಬೇಕು. ನುಣುಪು ಕಾಗದ ಹಾಕಿದರೆ ಶಾಯಿ ಆರದೆ ಮೇಲಿನ ಹಾಳೆಯ ಬೆನ್ನಿಗೆ ಮೆತ್ತುತ್ತದೆ. ಕೆಲಸ ಮುಗಿದ ಮೇಲೆ ಸ್ಟೆನ್ಸಿಲ್ಲನ್ನೂ ಕೆಟ್ಟ ಪ್ರತಿಗಳನ್ನೂ ಸುಡಬೇಕು, ಏಕೆಂದರೆ ಬಳಸಿದ ಸ್ಟೆನ್ಸಿಲ್ಲನ್ನು ಕಿಟಕಿಗೆ ಹಿಡಿದರೆ ಇಡೀ ಪತ್ರಿಕೆ ಓದಬಹುದು. ನಿಮ್ಮ ನಾಟಕದಲ್ಲಿ ಪ್ರಶ್ನೆ ಸೋರಿಕೆಯ ಎಳೆ ಇದ್ದರೆ ಕಸದ ಬುಟ್ಟಿಗಿಂತ ನಂಬುವಂಥ ಜಾಗ ಇಲ್ಲ.

ಈಗ ನಕಲು ಮಾಡಲು ಎ4 ಹಾಳೆ ಬೇಡ. ಆಗಿನ ಫುಲ್‌ಸ್ಕೇಪ್ ಹೆಚ್ಚು ಉದ್ದ, ಸುಮಾರು ಹದಿಮೂರೂವರೆ ಅಂಗುಲ. ಮಾಸಲು ಬಣ್ಣದ ಲೀಗಲ್ ಗಾತ್ರದ ಕಾಗದ ತಂದು ಆ ಅಳತೆಗೆ ಕತ್ತರಿಸಿ. ತೆಳು ಕಪ್ಪು ಪೆನ್ನಿನಲ್ಲಿ ಕೈಯಿಂದಲೇ ಬರೆದು, ನಾಲ್ಕೈದು ಸೊನ್ನೆಗಳ ಹೊಟ್ಟೆ ತುಂಬಿಸಿ, ಅಂಚಿಗೆ ಒಂದು ಓರೆ ಗೆರೆ ಎಳೆದು ಜೆರಾಕ್ಸ್ ಮಾಡಿಸಿ. ಚಹಾ ನೀರು ಸವರಿ ಕಾಗದವನ್ನು ಹಳತು ಮಾಡುವ ಗೋಜು ಬೇಡ; 1976ರಲ್ಲಿ ಅದು ಹೊಸ ಕಾಗದವೇ ಆಗಿತ್ತಲ್ಲ! ನೇರಳೆ ಬಣ್ಣ ಬಳಸಲೇಬೇಡಿ. ಅದು ಜೆಲಟಿನ್ ಮತ್ತು ಗ್ಲಿಸರಿನ್ ಕಾಸಿ ತಟ್ಟೆಗೆ ಸುರಿದು, ನೇರಳೆ ಶಾಯಿಯ ಮೂಲಪ್ರತಿಯನ್ನು ಅದರ ಮೇಲೆ ಒತ್ತಿ, ನಲವತ್ತು ಐವತ್ತು ಪ್ರತಿ ಎತ್ತುವ ಬೇರೆಯದೇ ವಿಧಾನ.

ಪೇಪರಿನ್ಯಾಗ ನಂಬರ್ ಇಲ್ಲಂದ್ರ ನಪಾಸ್ ಅಂತನ ಅರ್ಥ ಏನ್ರಿ? ನಮ್ಮಣ್ಣನ ನಂಬರ್ ಬಂದಿರಲಿಲ್ಲ, ಆದ್ರ ಅಂವ ಪಾಸಾಗಿದ್ದ. ಇನ್ನೊಂದು, ಗೆಳೆಯರು ಕೂಡಿದಾಗ ಯಾರ ಮಾರ್ಕ್ಸ್ ಹೆಚ್ಚು ಅಂತ ಜಗಳ ಬರ್ತದ.
ಓದುಗರು, ಗದಗ

ಎಸ್ಸೆಸ್ಸೆಲ್ಸಿ ಫಲಿತಾಂಶವೆಂದು ಸುದ್ದಿಪತ್ರಿಕೆಯಲ್ಲಿ ಬರುತ್ತಿದ್ದುದು ಪಾಸಾದವರ ಪರೀಕ್ಷಾ ನಂಬರ್ ಮಾತ್ರ. ಹಾಗಾಗಿ ಫೇಲಾದ ಸುದ್ದಿ ಖಾಲಿ ಜಾಗದಿಂದಲೇ ತಿಳಿಯಬೇಕಿತ್ತು. ಆದರೆ ಖಾಲಿ ಜಾಗಕ್ಕೆ ಬೇರೆ ಕಾರಣಗಳೂ ಇದ್ದವು. ಸಾವಿರಾರು ಅಂಕಿಗಳನ್ನು ಮೊಳೆ ಜೋಡಿಸಿ ಕೂರಿಸುವಾಗ ಒಂದು ಅಂಕಿ ಬಿಟ್ಟುಹೋದರೆ ಒಬ್ಬ ಹುಡುಗನ ಒಂದು ದಿನದ ಊಟ ಹೋಯಿತು. ಜಾಗ ಉಳಿಸಲು ಪೂರ್ತಿ ಸಂಖ್ಯೆ ಒಮ್ಮೆ ಕೊಟ್ಟು ಮುಂದೆ ಕೊನೆಯ ಅಂಕಿಗಳನ್ನಷ್ಟೇ ಹಾಕುವ ರೂಢಿಯೂ ಇತ್ತು. ಸಾಲಿನ ತಲೆ ಎಲ್ಲಿದೆ ಎಂದು ನೋಡದೆ ಹುಡುಕಿದವರು ನೂರರ ಲೆಕ್ಕದಲ್ಲಿ ತಪ್ಪುತ್ತಿದ್ದರು. ಫಲಿತಾಂಶ ತಡೆಹಿಡಿದಿದ್ದರೂ ನಂಬರ್ ಬರುತ್ತಿರಲಿಲ್ಲ. ಕಡೆಯ ಮಾತು ಹೆಡ್‌ಮಾಸ್ಟರ ಕೈಗೆ ಬಂದ ಪಟ್ಟಿಯದು, ನೋಟಿಸ್ ಬೋರ್ಡಿನದು. ಅಂಕ ತಿಳಿಯುತ್ತಿದ್ದುದೂ ಅಲ್ಲೇ.

ಜಗಳಕ್ಕೆ ಮದ್ದು: ಒಟ್ಟು ಅಂಕ ಬಿಡಿ, ಶೇಕಡಾ ನೋಡಿ. ಆರು ವಿಷಯಕ್ಕೆ ತಲಾ 100, ಒಟ್ಟು 600 ಇದ್ದಾಗ ಫಸ್ಟ್ ಕ್ಲಾಸಿಗೆ 360 ಬೇಕಿತ್ತು. ಮುಂದೆ ಪ್ರಥಮ ಭಾಷೆಗೆ 125 ಆಗಿ ಒಟ್ಟು 625ಕ್ಕೆ ಏರಿದ ಮೇಲೆ 375. ಅಣ್ಣ 366 ತೆಗೆದು ಫಸ್ಟ್ ಕ್ಲಾಸು, ತಮ್ಮ ಅದೇ 366 ತೆಗೆದು ಸೆಕೆಂಡ್ ಕ್ಲಾಸು ಆಗಿರುವುದು ಹೀಗೆ. ಮೊದಲನೆಯದು ಶೇ. 61, ಎರಡನೆಯದು ಶೇ. 58.56.

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಜೂನ್ 1ಕ್ಕೆ ಒಂಬತ್ತು ಜನರ ಹುಟ್ಟುಹಬ್ಬ! ನಿಜವಾದ ದಿನಾಂಕ ಹುಡುಕಬಹುದೇ?
ಓದುಗರು, ಹೊಸದುರ್ಗ

ಶಾಲೆ ತೆರೆಯುತ್ತಿದ್ದುದು ಜೂನ್‌ನಲ್ಲಿ. ಮಗುವನ್ನು ಕರೆತಂದ ಅಪ್ಪನಿಗೆ ತಾರೀಕು ಗೊತ್ತಿಲ್ಲದಿದ್ದರೆ ಮೇಷ್ಟ್ರು ಸೇರಿಸಿಕೊಳ್ಳುವ ವಯಸ್ಸಿಗೆ ಸರಿಯಾಗಿ ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಇಳಿಯಿತು, ಅಲ್ಲಿಂದ ನೌಕರಿಯ ಕಾಗದಕ್ಕೆ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗುವ ನಿಯಮ ಇರುವುದರಿಂದ ಮೇ 31ರಂದು ಸರ್ಕಾರಿ ಕಚೇರಿಗಳಲ್ಲಿ ಹಾರ ತುರಾಯಿ ಜಾಸ್ತಿ.

ನಿಜದ ದಿನಕ್ಕೆ ಜಾತಕ ಇದ್ದರೆ ಸರಿ. ಇಲ್ಲದಿದ್ದರೆ ಮನೆಯ ಹಿರಿಯರಿಗೆ ಸಂವತ್ಸರ, ಮಾಸ, ತಿಥಿ ನೆನಪಿದೆಯೇ ಕೇಳಿ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮಾತ್ರ ಮರಳುವುದರಿಂದ ಗೊಂದಲವಿಲ್ಲ. ಪ್ಲವ ಎಂದರೆ 1961ರ ಯುಗಾದಿಯಿಂದ 1962ರ ಯುಗಾದಿವರೆಗೆ. ಉಳಿದದ್ದನ್ನು ಹಳೇ ಪಂಚಾಂಗ ಹೇಳುತ್ತದೆ. ಇದು ಹುಟ್ಟುಹಬ್ಬದ ಸಂತೋಷಕ್ಕೆ ಮಾತ್ರ, ದಾಖಲೆಗೆ ಅಂಕಪಟ್ಟಿಯೇ ಗತಿ.

1974ರ ಗ್ರೂಪ್ ಫೋಟೋ ಗಾಜಿಗೆ ಅಂಟಿಕೊಂಡಿದೆ. ಬಿಡಿಸುವುದು ಹೇಗೆ? ಕೆಳಗೆ ಅಚ್ಚಾದ ಹೆಸರುಗಳೂ ಮುಖಗಳಿಗೆ ಹೊಂದುತ್ತಿಲ್ಲ.
ಓದುಗರು, ತೀರ್ಥಹಳ್ಳಿ

ಬಿಡಿಸಬೇಡಿ. ಕಪ್ಪುಬಿಳುಪು ಫೋಟೋದ ಮೇಲ್ಪದರ ಜೆಲಟಿನ್. ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಅದು ಉಬ್ಬಿ ಮೆತ್ತಗಾಗಿ, ಬೇಸಿಗೆಯಲ್ಲಿ ಒಣಗುವಾಗ ಗಾಜನ್ನೇ ಹಿಡಿದುಕೊಂಡಿದೆ. ಬ್ಲೇಡು ಹಾಕಿ ಎಬ್ಬಿಸಿದರೆ ಮುಖಗಳು ಗಾಜಿನಲ್ಲಿ ಉಳಿಯುತ್ತವೆ, ರಟ್ಟು ಕೈಗೆ ಬರುತ್ತದೆ.

ಗಾಜಿನ ಹೊರಮೈ ಮಾತ್ರ ಒರೆಸಿ, ಗಾಜಿನ ಮೂಲಕವೇ ಫೋಟೋ ತೆಗೆಯಿರಿ. ಚೌಕಟ್ಟನ್ನು ಮೇಜಿನ ಮೇಲೆ ಮಲಗಿಸಿ, ಎರಡು ಬದಿಯಿಂದ 45 ಡಿಗ್ರಿ ಓರೆಯಲ್ಲಿ ಎರಡು ಒಂದೇ ಥರದ ದೀಪ ಇಡಿ. ಕ್ಯಾಮೆರಾದ ಸುತ್ತ ಕಪ್ಪು ಬಟ್ಟೆ ಕಟ್ಟಿ, ಇಲ್ಲವಾದರೆ ಚಿತ್ರದ ನಡುವೆ ನಿಮ್ಮದೇ ಮುಖ ಕಾಣುತ್ತದೆ. ಉಳಿದ ಫೋಟೋಗಳಿಗೆ ಹೊಸ ಚೌಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ಎರಡು ಮೂರು ಮಿಲಿಮೀಟರ್ ದಪ್ಪದ ರಟ್ಟಿನ ಪಟ್ಟಿ ಕೊಡಿಸಿ.

ಹೆಸರು ತಪ್ಪಲು ಕಾರಣ, ಪಟ್ಟಿಯನ್ನು ಮೊದಲೇ ಬರೆದಿಡುತ್ತಿದ್ದುದು. ಬೆಳಕು ಕಡಿಮೆ ಎಂದೋ ಎತ್ತರ ಹೊಂದಲಿಲ್ಲವೆಂದೋ ಫೋಟೋದವರು ಕೊನೆಗಳಿಗೆಯಲ್ಲಿ ನಾಲ್ವರನ್ನು ಅತ್ತಿತ್ತ ಮಾಡಿದರೆ ಪಟ್ಟಿ ಹಾಗೇ ಉಳಿಯುತ್ತಿತ್ತು. ಕುರ್ಚಿಯ ಸಾಲಿನಿಂದ ಶುರುಮಾಡಿ: ನಡುವೆ ಹೆಡ್‌ಮಾಸ್ಟರು, ಅಕ್ಕಪಕ್ಕ ಹಿರಿತನದಂತೆ ಮೇಷ್ಟ್ರುಗಳು, ಆ ಸಾಲಿನಲ್ಲಿ ತಪ್ಪು ಕಡಿಮೆ. ಬೆಂಚಿನ ಮೇಲೆ ನಿಂತ ಹಿಂದಿನ ಸಾಲಿನಲ್ಲೇ ಹೆಚ್ಚು ಗೊಂದಲ. ಪ್ರತಿಯ ಮೇಲೆ ಟ್ರೇಸಿಂಗ್ ಕಾಗದ ಹಾಸಿ ಒಂದೊಂದು ತಲೆಗೂ ಒಂದು ಸಂಖ್ಯೆ ಹಾಕಿ, ಹೆಸರಿಲ್ಲದ ಹಾಳೆಯನ್ನು ಮೂವರು ಸಹಪಾಠಿಗಳಿಗೆ ಬೇರೆಬೇರೆಯಾಗಿ ಕಳಿಸಿ. ಒಟ್ಟಿಗೆ ಕೂರಿಸಿ ಕೇಳಿದರೆ ಜೋರು ದನಿಯವರು ಹೇಳಿದ್ದೇ ಖಾಯಂ ಆಗುತ್ತದೆ.