ಓದುಗರ ಪ್ರಶ್ನೆ: ಮೆಮೊರಿ ಕಾರ್ಡ್ ರಗಳೆ

ಈ ಸಲ ಮೆಮೊರಿ ಕಾರ್ಡ್, ಕಾರ್ಡ್ ರೀಡರ್ ಬಗ್ಗೆ ಬಂದ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ. ನಾನು ಸಾಗರದಲ್ಲಿ ಫೋಟೊ ಸ್ಟುಡಿಯೋ ನಡೆಸುವವನು, ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಮದುವೆ ಮನೆಯಲ್ಲಿ ಕೆಲಸಕ್ಕೆ ಬರುವಷ್ಟು ಹೇಳುತ್ತೇನೆ.

ಯಕ್ಷಗಾನ ಬಯಲಾಟಗಳನ್ನು 4ಕೆ ವಿಡಿಯೋ ಮಾಡುತ್ತೇನೆ. 256 ಜಿಬಿ ಎಸ್‌ಡಿ ಕಾರ್ಡ್ ತಗೊಂಡೆ. ಮೇಲೆ ಸೆಕೆಂಡಿಗೆ 170 ಎಂಬಿ ಅಂತ ದೊಡ್ಡದಾಗಿ ಬರೆದಿದೆ. ಆದರೂ ಲ್ಯಾಪ್‌ಟಾಪ್‌ಗೆ ಕಾಪಿ ಆಗಲು ಎರಡು ಗಂಟೆ ಬೇಕು. ಕಾರ್ಡ್ ಡೂಪ್ಲಿಕೇಟಾ? (ಕುಂದಾಪುರ)

ಎರಡು ಗಂಟೆ ಅಂದ ಕೂಡಲೇ ನನಗೆ ಅನುಮಾನ ಬಂದಿದ್ದು ನಿಮ್ಮ ರೀಡರ್ ಮೇಲೆ. ಅದು ಹಳೆಯ ಯುಎಸ್‌ಬಿ 2.0 ರೀಡರ್ ಇರಬೇಕು. ಅದರಲ್ಲಿ ಸೆಕೆಂಡಿಗೆ 35 ಎಂಬಿ ಬಂದರೆ ಹೆಚ್ಚು. ಆ ಲೆಕ್ಕದಲ್ಲಿ 256 ಜಿಬಿಗೆ ಸರಿಯಾಗಿ ಎರಡು ಗಂಟೆ ಆಗುತ್ತದೆ, ನೋಡಿ. ಯುಎಸ್‌ಬಿ 3.0 ರೀಡರ್ ತಗೊಳ್ಳಿ. ಲ್ಯಾಪ್‌ಟಾಪ್‌ನಲ್ಲೂ 3.0 ಪೋರ್ಟಿಗೇ ಚುಚ್ಚಿ, ಸಾಮಾನ್ಯವಾಗಿ ಅದರ ಒಳಗೆ ನೀಲಿ ಬಣ್ಣ ಇರುತ್ತದೆ. ಅದೇ ಕಾರ್ಡ್ ಮುಕ್ಕಾಲು ಗಂಟೆಯಲ್ಲಿ ಖಾಲಿಯಾಗುತ್ತದೆ.

ಹಾಗಾದರೆ 170 ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ಅದು ಕಾರ್ಡಿನಿಂದ ಓದುವ ವೇಗ, ಬರೆಯುವ ವೇಗ ಅಲ್ಲ. ಅದೂ ಆ ಕಂಪನಿ ಹೇಳಿದ ರೀಡರ್‌ನಲ್ಲಿ ಮಾತ್ರ ಸಿಗುವುದು. ನಿಮ್ಮದು ಯುಎಚ್‌ಎಸ್-1 (ಎಸ್‌ಡಿ ಕಾರ್ಡಿನ ವೇಗದ ಒಂದು ದರ್ಜೆ) ಇರಬೇಕು, ಅಂಥ ಕಾರ್ಡಿಗೆ ನಿಯಮದ ಪ್ರಕಾರ ಇರುವ ಮಿತಿಯೇ ಸೆಕೆಂಡಿಗೆ 104 ಎಂಬಿ. ವಿಡಿಯೋ ಮಾಡುವವರು ನೋಡಬೇಕಾದ್ದು ಮೂಲೆಯಲ್ಲಿ ಚಿಕ್ಕದಾಗಿ ಇರುವ ಗುರುತು. ಇಂಗ್ಲಿಷಿನ ವಿ ಅಕ್ಷರ, ಪಕ್ಕದಲ್ಲಿ 10, 30, 60 ಅಥವಾ 90. ವಿ30 ಅಂದರೆ ಎಷ್ಟೇ ಹೊತ್ತು ರೆಕಾರ್ಡ್ ಮಾಡಿದರೂ ಬರೆಯುವ ವೇಗ ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲ ಅನ್ನುವ ಭರವಸೆ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ಮಾಡುತ್ತದೆ ಅಂದುಕೊಳ್ಳೋಣ. ಎಂಟು ಬಿಟ್‌ಗೆ ಒಂದು ಬೈಟ್, ಅಂದರೆ ಸೆಕೆಂಡಿಗೆ 12.5 ಎಂಬಿ. ವಿ30 ಧಾರಾಳ ಸಾಕು. ವಿ90ಗೆ ದುಡ್ಡು ಸುರಿಯಬೇಡಿ.

ನಿಮಗೆ ಬರಬಹುದಾದ ನಿಜವಾದ ತಾಪತ್ರಯ ಬೇರೆ. ಈ ಲೆಕ್ಕದಲ್ಲಿ ಗಂಟೆಗೆ 45 ಜಿಬಿ ಖರ್ಚು. ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಮೂರೂವರೆ ಹೊತ್ತಿಗೆ ಕಾರ್ಡ್ ಫುಲ್. ಬೆಳಗಿನ ಜಾವದ ರಕ್ತಬೀಜನಿಗೆ ಜಾಗವೇ ಇಲ್ಲ! ಒಂದೋ ಎರಡನೇ ಕಾರ್ಡ್ ಇಟ್ಟುಕೊಳ್ಳಿ, ಇಲ್ಲ ಫುಲ್ ಎಚ್‌ಡಿಗೆ ಇಳಿಯಿರಿ. 28 ಮೆಗಾಬಿಟ್‌ನಲ್ಲಿ ಗಂಟೆಗೆ 13 ಜಿಬಿ ಒಳಗೇ ಮುಗಿಯುತ್ತದೆ. ಇಡೀ ರಾತ್ರಿಯ ಆಟ 128 ಜಿಬಿಯಲ್ಲೇ ಹಿಡಿಸುತ್ತದೆ. ಮೊಬೈಲಲ್ಲಿ ನೋಡುವವರಿಗೆ 4ಕೆ ಯಾಕೆ ಅನ್ನುವುದು ನನ್ನ ಅಭಿಪ್ರಾಯ. ನೀವು ಒಪ್ಪಬೇಕಿಲ್ಲ.

ಆನ್‌ಲೈನಲ್ಲಿ 600 ರೂಪಾಯಿಗೆ 1 ಟಿಬಿ ಮೈಕ್ರೊ ಎಸ್‌ಡಿ ಸಿಕ್ಕಿತು. ಮೊದಲು ಚೆನ್ನಾಗಿತ್ತು. ಈಗ ಫೋಟೊ ಹೆಸರು ಕಾಣುತ್ತದೆ, ತೆರೆದರೆ ಬೂದು ಬಣ್ಣ. (ತುಮಕೂರು)

ಆ ರೇಟಿಗೆ 1 ಟಿಬಿ ಬರುವುದಿಲ್ಲ ಸ್ವಾಮಿ. ಒಳಗೆ ಇರುವುದು ಬಹುಶಃ 32 ಜಿಬಿ ಅಥವಾ ಇನ್ನೂ ಕಡಿಮೆ. ಕಾರ್ಡಿನ ಕಂಟ್ರೋಲರ್ ಚಿಪ್‌ಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಲೋಟಕ್ಕೆ ಕೊಡ ಅಂತ ಚೀಟಿ ಅಂಟಿಸಿದ ಹಾಗೆ. ಫೈಲುಗಳ ಪಟ್ಟಿ ಕಾರ್ಡಿನ ಮೊದಲ ಭಾಗದಲ್ಲಿ ಇರುತ್ತದೆ, ಅದಕ್ಕೇ ಹೆಸರುಗಳು ಸರಿಯಾಗಿ ಕಾಣುವುದು. ನಿಜವಾದ ಜಾಗ ತುಂಬಿದ ಮೇಲೆ ಬಂದ ಫೋಟೊಗಳು ಎಲ್ಲೂ ಉಳಿಯಲಿಲ್ಲ, ಇಲ್ಲವೇ ಹಳೆಯವುಗಳ ಮೇಲೆ ಬಿದ್ದವು. ತೆರೆಯುವಂಥವನ್ನು ಈಗಲೇ ಬೇರೆಡೆಗೆ ಕಾಪಿ ಮಾಡಿಕೊಳ್ಳಿ. ಉಳಿದವು ಯಾವ ಅಂಗಡಿಯವನಿಗೂ ಸಿಗುವುದಿಲ್ಲ, ದುಡ್ಡು ಕೊಡಬೇಡಿ.

ಮುಂದೆ ಯಾವ ಕಾರ್ಡ್ ತಂದರೂ ಮೊದಲು ಪರೀಕ್ಷೆ ಮಾಡಿ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ತಂತ್ರಾಂಶ ಇದೆ, ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಯವರು ಮಾಡಿದ್ದು. ಲಿನಕ್ಸ್, ಮ್ಯಾಕ್‌ಗೆ ಎಫ್3 ಇದೆ. ಇವು ಕಾರ್ಡ್ ತುಂಬ ಬರೆದು, ಮತ್ತೆ ಪೂರ್ತಿ ಓದಿ ತಾಳೆ ನೋಡುತ್ತವೆ. ದೊಡ್ಡ ಕಾರ್ಡಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ. ಒಂದು ಮಾತು: 128 ಜಿಬಿ ಕಾರ್ಡ್ ಕಂಪ್ಯೂಟರಿನಲ್ಲಿ 119 ಅಂತ ತೋರಿಸಿದರೆ ಗಾಬರಿ ಬೇಡ. ಕಂಪನಿ ಸಾವಿರದ ಲೆಕ್ಕ ಹಾಕುತ್ತದೆ, ವಿಂಡೋಸ್ 1024ರ ಲೆಕ್ಕ ಹಾಕುತ್ತದೆ, ಅಷ್ಟೇ.

ಅಮ್ಮನ ಫೋನಿನ ಡಿಸ್‌ಪ್ಲೇ ಹೋಯಿತು. ಕಾರ್ಡ್ ತೆಗೆದು ನನ್ನ ಫೋನಿಗೆ ಹಾಕಿದರೆ ಫಾರ್ಮ್ಯಾಟ್ ಮಾಡು ಅನ್ನುತ್ತದೆ. ಮೊಮ್ಮಕ್ಕಳ ಫೋಟೊ ಎಲ್ಲಾ ಅದರಲ್ಲೇ ಇವೆ. (ಬಳ್ಳಾರಿ)

ಫಾರ್ಮ್ಯಾಟ್ ಒತ್ತಬೇಡಿ! ಹಳೇ ಫೋನನ್ನು ಎಕ್ಸ್‌ಚೇಂಜಿಗೂ ಕೊಡಬೇಡಿ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಕೆಲವು ಫೋನುಗಳಲ್ಲಿ ಕಾರ್ಡನ್ನು ಒಳಗಿನ ಸ್ಟೋರೇಜ್ ಆಗಿ ಸೇರಿಸಿಕೊಳ್ಳುವ ಸೌಲಭ್ಯ ಇದೆ. ಅಮ್ಮನ ಫೋನಲ್ಲಿ ಯಾರೋ ಅದನ್ನು ಆರಿಸಿರಬೇಕು. ಹಾಗೆ ಮಾಡಿದರೆ ಕಾರ್ಡಿನಲ್ಲಿರುವುದೆಲ್ಲ ಬೀಗದೊಳಗೆ ಹೋಗುತ್ತದೆ, ಬೀಗದ ಕೈ ಆ ಫೋನಿನೊಳಗೇ ಇರುತ್ತದೆ. ಯಾವ ಕಾರ್ಡ್ ರೀಡರ್ ತಂದರೂ ತೆರೆಯುವುದಿಲ್ಲ. ಡಿಸ್‌ಪ್ಲೇ ಮಾತ್ರ ಬದಲಿಸಿ. ರಿಪೇರಿಯವನಿಗೆ ರೀಸೆಟ್ ಮಾಡಬೇಡ ಅಂತ ಎರಡೆರಡು ಸಲ ಹೇಳಿ. ಫೋನ್ ಆನ್ ಆದ ಮೇಲೆ ಅದೇ ಕಾರ್ಡ್ ಹಾಕಿ, ಕೇಬಲ್‌ನಿಂದ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ.

ಗೃಹಪ್ರವೇಶದ ಫೋಟೊ ಇದ್ದ ಕಾರ್ಡನ್ನು ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿಬಿಟ್ಟೆ. (ಧಾರವಾಡ)

ಕಾರ್ಡ್ ಹೊರಗೆ ತೆಗೆಯಿರಿ, ಅದರಲ್ಲಿ ಇನ್ನೊಂದು ಫೋಟೊನೂ ತೆಗೆಯಬೇಡಿ. ಮಾಮೂಲಿ ಫಾರ್ಮ್ಯಾಟ್ ಅಳಿಸುವುದು ಪಟ್ಟಿಯನ್ನು ಮಾತ್ರ, ಹೊಸದು ಬಂದು ಕೂರುವ ತನಕ ಚಿತ್ರಗಳು ಅಲ್ಲೇ ಇರುತ್ತವೆ. ಫೋಟೊರೆಕ್ ಅನ್ನುವ ಉಚಿತ ತಂತ್ರಾಂಶ ಹಾಕಿ ನೋಡಿ. ಸಿಕ್ಕಿದ್ದನ್ನು ಕಂಪ್ಯೂಟರಿಗೆ ಉಳಿಸಿ, ಅದೇ ಕಾರ್ಡಿಗಲ್ಲ. ಫೋಟೊಗಳು ಸಾಮಾನ್ಯವಾಗಿ ಬರುತ್ತವೆ. ಉದ್ದದ ವಿಡಿಯೋ ತುಂಡು ತುಂಡಾಗಿ ಚೆದುರಿದ್ದರೆ ಕಷ್ಟ. ಚಿತ್ರಗಳನ್ನೂ ಅಳಿಸುವ ಲೋ ಲೆವೆಲ್ ಫಾರ್ಮ್ಯಾಟ್ ಒತ್ತಿದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ.

ಮದುವೆಗೆ ದೊಡ್ಡ ಒಂದೇ ಕಾರ್ಡ್ ಒಳ್ಳೇದಾ, ಚಿಕ್ಕ ನಾಲ್ಕಾ? (ದಾವಣಗೆರೆ)

ನಾನಂತೂ ಚಿಕ್ಕದರ ಪಕ್ಷ. 64 ಜಿಬಿಯವು. ಎರಡು ಸ್ಲಾಟ್ ಇರುವ ಕ್ಯಾಮೆರಾದಲ್ಲಿ ಎರಡಕ್ಕೂ ಒಂದೇ ಫೋಟೊ ಬರೆಯಲು ಹೇಳಿರುತ್ತೇನೆ. ಧಾರೆಗೆ ಮುಂಚೆ, ತುಂಬಿರಲಿ ಬಿಡಲಿ, ಕಾರ್ಡ್ ಬದಲಿಸುತ್ತೇನೆ. ವಾಲಗದವರು ಗಟ್ಟಿಮೇಳ ಬಾರಿಸುವಾಗ ‘ಕಾರ್ಡ್ ಫುಲ್’ ಅಂತ ಬಂದರೆ ಪುರೋಹಿತರು ನಮಗಾಗಿ ಕಾಯುವುದಿಲ್ಲ. ಬಳಸಿದ ಕಾರ್ಡ್ ಡಬ್ಬಿಯಲ್ಲಿ ಮಗುಚಿ ಇಡುತ್ತೇನೆ, ಖಾಲಿಯದು ಮುಖ ಮೇಲೆ. ಎರಡು ಕಡೆ ಕಾಪಿ ಆಗುವ ತನಕ ಯಾವುದನ್ನೂ ಅಳಿಸುವುದಿಲ್ಲ.

ರಂಗನತಿಟ್ಟಿನಲ್ಲಿ ಹಕ್ಕಿ ಫೋಟೊ ತೆಗೆಯುತ್ತೇನೆ. ಯುಎಚ್‌ಎಸ್-2 ಕಾರ್ಡ್ ತಗೊಳ್ಳಲಾ? (ಮೈಸೂರು)

ಕ್ಯಾಮೆರಾದ ಕೈಪಿಡಿ ನೋಡಿ. ಸ್ಲಾಟ್ ಯುಎಚ್‌ಎಸ್-1 ಆಗಿದ್ದರೆ ಕಾರ್ಡ್ ನಡೆಯುತ್ತದೆ, ಆದರೆ ಹಳೇ ವೇಗದಲ್ಲೇ. ಹೆಚ್ಚಿಗೆ ಕೊಟ್ಟ ದುಡ್ಡು ದಂಡ. ಸ್ಲಾಟ್ ಯುಎಚ್‌ಎಸ್-2 ಇದ್ದು, ಹಾರುವ ಹಕ್ಕಿಗೆ ಒಂದೇ ಸಮ ಶಟರ್ ಒತ್ತುವವರಾದರೆ ಖಂಡಿತ ತಗೊಳ್ಳಿ, ಕ್ಯಾಮೆರಾ ಬೇಗ ಸುಧಾರಿಸಿಕೊಳ್ಳುತ್ತದೆ. ಅಸಲಿ ಕಾರ್ಡಿನ ಹಿಂದೆ ಬಂಗಾರದ ಬಣ್ಣದ ಪಟ್ಟಿಗಳು ಎರಡು ಸಾಲು ಇರುತ್ತವೆ. ಕಾಪಿ ಮಾಡುವಾಗಲೂ ಆ ವೇಗ ಸಿಗಬೇಕಾದರೆ ರೀಡರೂ ಯುಎಚ್‌ಎಸ್-2ದೇ ಬೇಕು.

ಎಸ್‌ಡಿ ಕಾರ್ಡಿನ ಲಾಕ್ ತೆಗೆದಿದ್ದರೂ ‘ರೈಟ್ ಪ್ರೊಟೆಕ್ಟೆಡ್’ ಅಂತ ಬರುತ್ತದೆ. (ಮಂಡ್ಯ)

ಆ ಪುಟ್ಟ ಗುಂಡಿಗೂ ಕಾರ್ಡಿನ ಒಳಗಿನ ಚಿಪ್‌ಗೂ ಸಂಬಂಧವೇ ಇಲ್ಲ. ಗುಂಡಿ ಎಲ್ಲಿದೆ ಅಂತ ತಡವಿ ನೋಡುವುದು ರೀಡರ್. ಗುಂಡಿ ಸಡಿಲವಾದರೆ ಒಳಗೆ ತಳ್ಳುವಾಗ ತಾನೇ ಲಾಕ್ ಕಡೆಗೆ ಜಾರುತ್ತದೆ. ಮೊದಲು ಬೇರೆ ರೀಡರ್‌ನಲ್ಲಿ ಹಾಕಿ ನೋಡಿ. ಅಲ್ಲೂ ಹಾಗೇ ಆದರೆ ಗುಂಡಿಯನ್ನು ಲಾಕ್ ಇಲ್ಲದ ಕಡೆಗೆ ಸರಿಸಿ, ಅದರ ಮೇಲೆ ತೆಳ್ಳನೆಯ ಸೆಲೊಟೇಪ್ ಒಂದು ಸುತ್ತು ಅಂಟಿಸಿ. ಟೇಪ್ ಹಿಂದಿನ ಪಟ್ಟಿಗಳನ್ನು ಮುಟ್ಟಬಾರದು. ಕಾಪಿ ಆದ ಮೇಲೆ ಆ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಬೇಡಿ, ಟೇಪ್ ಒಳಗೆ ಕಿತ್ತುಕೊಂಡರೆ ಸ್ಲಾಟ್ ರಿಪೇರಿ ಖರ್ಚು ಕಾರ್ಡಿಗಿಂತ ಜಾಸ್ತಿ.