ಸ್ಪೋಕ್ ಮುರಿದರೆ ಉಳಿದವನ್ನೂ ತಟ್ಟಿ ನೋಡಿ

ನನ್ನದು ಹೀರೋ ಎಕ್ಸ್‌ಪಲ್ಸ್ 200 ಬೈಕು. ಹೊಲದ ದಾರಿಯಲ್ಲೇ ಹೆಚ್ಚು ಓಡಾಟ. ಹಿಂದಿನ ಚಕ್ರದ ಸ್ಪೋಕ್ ಪದೇ ಪದೇ ಮುರಿಯುತ್ತದೆ. ಪ್ರತಿ ಸಲವೂ ಮೆಕ್ಯಾನಿಕ್ ಹೊಸದೊಂದು ಹಾಕಿ ಗಟ್ಟಿಯಾಗಿ ಬಿಗಿದು ಕೊಡುತ್ತಾರೆ. ದಪ್ಪ ಸ್ಪೋಕ್ ಹಾಕಿಸಬಹುದೇ? (ಓದುಗರು, ಅಣ್ಣಿಗೇರಿ)

ಬೇಡ. ಇದೇ ಪ್ರಶ್ನೆ ಗದಗ, ಹಾವೇರಿ, ಕಲಘಟಗಿಯಿಂದಲೂ ಬರುತ್ತಲೇ ಇದೆ. ಎಲ್ಲರಿಗೂ ಸೇರಿಸಿ ಒಮ್ಮೆ ವಿವರವಾಗಿ ಬರೆಯುತ್ತೇನೆ.

ಚಕ್ರ ಉರುಳುವಾಗ ನೆಲದ ಕಡೆಗೆ ಬಂದ ಸ್ಪೋಕ್‌ಗಳ ಬಿಗಿ ಕಡಿಮೆಯಾಗುತ್ತದೆ, ಮೇಲೆ ಹೋದಾಗ ಮರಳುತ್ತದೆ. ಸರಿಯಾಗಿ ಬಿಗಿದ ಸ್ಪೋಕ್‌ನಲ್ಲಿ ಕಡಿಮೆಯಾದ ಮೇಲೂ ಒಂದಿಷ್ಟು ಬಿಗಿ ಉಳಿದಿರುತ್ತದೆ. ಸಡಿಲವಾದದ್ದು ಪ್ರತಿ ಸುತ್ತಿನಲ್ಲೂ ಪೂರ್ತಿ ಜೋತುಬಿದ್ದು ಮತ್ತೆ ಜಗ್ಗುತ್ತದೆ. ಹಬ್‌ಗೆ, ಅಂದರೆ ಚಕ್ರದ ನಡುವಿನ ಗುಂಬಕ್ಕೆ, ಸಿಕ್ಕಿಸಿರುವ ಬಾಗಿನಲ್ಲಿ ಲೋಹ ದಣಿದು ಕೊನೆಗೆ ಅಲ್ಲಿಯೇ ತುಂಡಾಗುತ್ತದೆ. ಅದು ಹೊತ್ತಿದ್ದ ಭಾರ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ, ಮುಂದಿನ ಸರದಿ ಅವುಗಳದ್ದು. ಹಿಂದಿನ ಚಕ್ರಕ್ಕೆ ಎಂಜಿನ್ನಿನ ಎಳೆತವೂ, ಹಿಂದೆ ಕುಳಿತವರ ಭಾರವೂ ಇರುವುದರಿಂದ ಅಲ್ಲಿ ಈ ಕಾಟ ಹೆಚ್ಚು.

ನಿಮ್ಮ ಮೆಕ್ಯಾನಿಕ್ ಹೊಸ ಸ್ಪೋಕ್ ಒಂದನ್ನೇ ಬಿಗಿದು ಬಿಡುತ್ತಾರೆ. ಹೊರಸಿನ ಒಂದೇ ನುಲಿಯನ್ನು ಜಗ್ಗಿ ಕಟ್ಟಿದರೆ ಚೌಕಟ್ಟು ಸೊಟ್ಟಗಾಗುವಂತೆ ರಿಮ್ ಆ ಕಡೆಗೆ ವಾಲುತ್ತದೆ. ಇಂಥವರಿಗೆ ದಯವಿಟ್ಟು ಚಕ್ರ ಕೊಡಬೇಡಿ.

ಮುರಿದ ತುಂಡನ್ನು ಎಸೆಯದೆ ನೋಡಿ. ಹಬ್ ಬಳಿಯ ಬಾಗಿನಲ್ಲಿ ಮುರಿದಿದ್ದರೆ ಹೆಚ್ಚಾಗಿ ಸಡಿಲತನವೇ ಕಾರಣ. ನಿಪ್ಪಲ್ (ರಿಮ್ಮಿನಲ್ಲಿ ಸ್ಪೋಕನ್ನು ಬಿಗಿಯುವ ಸಣ್ಣ ನಟ್ಟು) ಬಳಿ, ತಿರುಪಿನ ಗೆರೆಗಳಿರುವ ಕಡೆ ಮುರಿದಿದ್ದರೆ ಅತಿಯಾಗಿ ಬಿಗಿದಿರುವುದು, ತುಕ್ಕು ಅಥವಾ ನಿಪ್ಪಲ್ ಓರೆಯಾಗಿ ಕುಳಿತಿರುವುದನ್ನು ಶಂಕಿಸಿ.

ಆಮೇಲೆ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಸಣ್ಣ ಸ್ಪ್ಯಾನರ್‌ನಿಂದ ಪ್ರತಿ ಸ್ಪೋಕನ್ನೂ ತಟ್ಟಿ. ಬಿಗಿ ಇದ್ದದ್ದು ಠಣ್ ಎನ್ನುತ್ತದೆ, ಸಡಿಲವಾದದ್ದು ಮಂದವಾಗಿ ಸದ್ದು ಮಾಡುತ್ತದೆ. ಸಡಿಲವಾದವುಗಳಿಗೆ ಸುಣ್ಣದ ಗುರುತು ಹಾಕಿ. ಸ್ವಿಂಗ್ ಆರ್ಮ್‌ಗೆ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಒಂದು ಪ್ಲಾಸ್ಟಿಕ್ ಟೈ ಕಟ್ಟಿ, ಅದರ ತುದಿ ರಿಮ್ಮಿನ ಅಂಚಿಗೆ ತಾಗುವಂತೆ ಕತ್ತರಿಸಿ ಚಕ್ರ ತಿರುಗಿಸಿದರೆ ರಿಮ್ ಎಷ್ಟು ಔಟ್ ಇದೆ, ಅಂದರೆ ಎಷ್ಟು ಓಲಾಡುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಅಡ್ಡಕ್ಕಾಗಲಿ, ಮೇಲೆ ಕೆಳಗಾಗಲಿ 2 ಮಿ.ಮೀ. ದಾಟಬಾರದು ಎಂದು ಅನೇಕ ಬೈಕುಗಳ ಕೈಪಿಡಿಗಳು ಹೇಳುತ್ತವೆ.

ಬಿಗಿಯುವ ಹಿಂದಿನ ರಾತ್ರಿ ಪ್ರತಿ ನಿಪ್ಪಲ್ಲಿಗೂ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಅಳತೆಗೆ ಸರಿಯಾದ ಸ್ಪೋಕ್ ಕೀಲಿಯನ್ನೇ ಬಳಸಿ. ಇಕ್ಕಳ ಹಿಡಿದರೆ ನಿಪ್ಪಲ್ಲಿನ ಮೂಲೆಗಳು ಸವೆದು ಮುಂದೆ ಯಾವ ಕೀಲಿಯೂ ಹಿಡಿಯುವುದಿಲ್ಲ. ಒಂದು ಸಲಕ್ಕೆ ಕಾಲು ಸುತ್ತು ಸಾಕು. ಪಕ್ಕಪಕ್ಕದವನ್ನು ಬಿಗಿಯುತ್ತ ಹೋಗದೆ ನಾಲ್ಕು ನಾಲ್ಕರ ಅಂತರದಲ್ಲಿ, ಇಡೀ ಚಕ್ರವನ್ನು ಹಲವು ಬಾರಿ ಸುತ್ತಿ ಬಂದು ಮುಗಿಸಿ. ಯಾವುದಾದರೂ ಸ್ಪೋಕ್‌ಗೆ ಒಂದು ಸುತ್ತಿಗಿಂತ ಹೆಚ್ಚು ಬೇಕಾದರೆ ಟಯರ್ ಬಿಚ್ಚಿ. ಒಳಗೆ ಅದರ ತುದಿ ನಿಪ್ಪಲ್ಲಿನಿಂದ ಹೊರಗೆ ಚಾಚಿದ್ದರೆ ಟ್ಯೂಬಿಗೆ ಚುಚ್ಚುತ್ತದೆ. ಅರದಿಂದ ಉಜ್ಜಿ ಸಮ ಮಾಡಿ, ರಿಮ್ ಪಟ್ಟಿ ಹರಿದಿದ್ದರೆ ಹೊಸದು ಹಾಕಿ. ಕಾರಣ ತಿಳಿಯದೆ ಮತ್ತೆ ಮತ್ತೆ ಆಗುವ ಎಷ್ಟೋ ಪಂಕ್ಚರ್‌ಗಳ ಮೂಲ ಇದೇ.

ಈಗಾಗಲೇ ಹಲವು ಸ್ಪೋಕ್ ಮುರಿದಿದ್ದರೆ ಉಳಿದವೂ ದಣಿದಿರುತ್ತವೆ. ಪೂರ್ತಿ ಸೆಟ್ ಬದಲಿಸಿ. ಹೊಸ ಸ್ಪೋಕ್‌ಗಳು ಕುಳಿತುಕೊಳ್ಳುವಾಗ ಸಡಿಲವಾಗುತ್ತವೆ, ಆದ್ದರಿಂದ ಮೊದಲ ಕೆಲವು ನೂರು ಕಿ.ಮೀ. ಆದ ಮೇಲೆ ಮತ್ತೆ ತಟ್ಟಿ ನೋಡಲೇಬೇಕು. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಸ್ಪೋಕ್ ಕಳಪೆ ಎಂದು ನನಗೆ ಬರೆಯುತ್ತಾರೆ.

ದಪ್ಪ ಸ್ಪೋಕ್‌ಗಾಗಿ ರಿಮ್ ಮತ್ತು ಹಬ್ಬಿನ ತೂತುಗಳನ್ನು ಡ್ರಿಲ್ ಮಾಡಿ ಹಿಗ್ಗಿಸುವವರು ನಮ್ಮಲ್ಲಿದ್ದಾರೆ. ಅದು ಅಪರಾಧಕ್ಕೆ ಸಮ. ತೂತಿನ ಸುತ್ತ ಲೋಹ ತೆಳುವಾಗಿ ಬಿರುಕು ಬಿಡುತ್ತದೆ. ಕೈಯಲ್ಲಿ ಹಣವಿದ್ದರೆ ಅದೇ ಅಳತೆಯ ಒಳ್ಳೆಯ ಉಕ್ಕಿನ ಸ್ಪೋಕ್ ಹಾಕಿಸಿ. ಇನ್ನೂ ಹಣ ಉಳಿದರೆ ಗಟ್ಟಿ ಅಲ್ಯೂಮಿನಿಯಂ ರಿಮ್ ಹಾಕಿಸಿ, ಅದೂ ಮುಂದಿನ ಚಕ್ರಕ್ಕೆ ಮೊದಲು. ಗುಂಡಿಯ ಏಟು ಮೊದಲು ತಿನ್ನುವುದು ಅದೇ.

ಸ್ಪೋಕ್ ರಿಮ್ಮಿನ ಒಳಗೆ ಟೇಪ್ ಸುತ್ತಿ ಟ್ಯೂಬ್‌ಲೆಸ್ ಮಾಡಿಕೊಡುತ್ತಾರಂತೆ. ಮಾಡಿಸಲೇ? (ಓದುಗರು, ಧಾರವಾಡ)

ರಿಮ್ಮಿನ ಮೇಲೆ ಅಚ್ಚೊತ್ತಿರುವ ಅಕ್ಷರಗಳನ್ನು ಓದಿ. ‘ಎಂಟಿ’ ಇದ್ದರೆ ಟಯರಿನ ಅಂಚನ್ನು ಹಿಡಿದಿಡುವ ಉಬ್ಬು ಒಳಗಿರುತ್ತದೆ. ‘ಡಬ್ಲ್ಯೂಎಂ’ ಇದ್ದರೆ ಅದು ಟ್ಯೂಬ್ ರಿಮ್, ಆ ಉಬ್ಬು ಇರುವುದಿಲ್ಲ. ಗಾಳಿ ಇಳಿದಾಗ ಟಯರಿನ ಅಂಚು ನಡುವಿನ ತಗ್ಗಿಗೆ ಜಾರುತ್ತದೆ. ಹುಬ್ಬಳ್ಳಿ ಬೈಪಾಸಿನಲ್ಲಿ ಲಾರಿಗಳ ನಡುವೆ ಮುಂದಿನ ಚಕ್ರಕ್ಕೆ ಹೀಗಾದರೆ ಏನಾಗುತ್ತದೆ ಎಂದು ನಾನು ಬರೆಯಬೇಕಾಗಿಲ್ಲ. ಅಲ್ಲದೆ ಟೇಪ್ ಅಂಟಿಸಿದ ಮೇಲೆ ನಿಪ್ಪಲ್ ತಿರುಗಿಸಿದರೆ ಅಂಟು ಬಿಡುವ ಅಪಾಯವಿದೆ. ಆ ಹೆದರಿಕೆಗೆ ಸ್ಪೋಕ್ ಬಿಗಿಯುವುದನ್ನೇ ಜನ ಬಿಟ್ಟುಬಿಡುತ್ತಾರೆ. ನಾನು ಮಾಡಿಕೊಡುವುದಿಲ್ಲ.

ಟ್ಯೂಬಿನೊಳಗೆ ಪಂಕ್ಚರ್ ಜೆಲ್ ಹಾಕಬಹುದೇ? (ಓದುಗರು, ರಾಣೆಬೆನ್ನೂರು)

ಟ್ಯೂಬ್ ಉದ್ದಕ್ಕೆ ಸೀಳಿದಾಗ ಅದು ನಿಲ್ಲಿಸುವುದಿಲ್ಲ, ಆಮೇಲೆ ಪ್ಯಾಚ್ ಅಂಟಲೂ ಬಿಡುವುದಿಲ್ಲ.

ತುಕ್ಕು ಬಾರದಂತೆ ಸ್ಪೋಕ್‌ಗೆ ಡೀಸೆಲ್ ಹಚ್ಚಲೇ? (ಓದುಗರು, ಗದಗ)

ಬ್ರೇಕ್ ಡಿಸ್ಕ್ ಪಕ್ಕದಲ್ಲೇ ಇದೆ. ಬೇಡ.

ಎರೆ ಮಣ್ಣಿನಲ್ಲಿ ಗಾಳಿ ಇಳಿಸಿ ಓಡಿಸಿದಾಗಲೆಲ್ಲ ವಾಲ್ವ್ ಬುಡದಲ್ಲೇ ಟ್ಯೂಬ್ ಹರಿಯುತ್ತದೆ. ಏಕೆ? (ಓದುಗರು, ನವಲಗುಂದ)

ಗಾಳಿ ಕಡಿಮೆಯಾದಾಗ ಟಯರ್ ರಿಮ್ಮಿನ ಮೇಲೆ ಜಾರಿ ಟ್ಯೂಬನ್ನೂ ಎಳೆದೊಯ್ಯುತ್ತದೆ, ವಾಲ್ವ್ ಮಾತ್ರ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮುಚ್ಚಳದ ಕಡೆಗೆ ಸರಿಸಿಡಿ. ಆಗ ಟ್ಯೂಬ್ ಜಾರಿದರೆ ವಾಲ್ವ್ ಓರೆಯಾಗಿ ನಿಮಗೆ ಮೊದಲೇ ತಿಳಿಯುತ್ತದೆ. ಓರೆ ಕಂಡ ದಿನವೇ ಗಾಳಿ ಬಿಟ್ಟು, ಟಯರನ್ನು ಹಿಂದಕ್ಕೆ ಸರಿಸಿ, ಮತ್ತೆ ತುಂಬಿಸಿ. ಡಾಂಬರು ರಸ್ತೆಗೆ ಹತ್ತುವ ಮುನ್ನ ಪೂರ್ತಿ ಗಾಳಿ ಇರಲೇಬೇಕು.